ಎಡಗಾಲಿನ ಪಾಲು

ಬಲಗಾಲು ಮಾತ್ರ, ಔಲಿಸ್, ಬಲಗಾಲು ಮಾತ್ರ.
ಎಡಗಾಲನ್ನು ಈ ಮಣೆಯ ಮೇಲಿಡಿ,
ಸುಮ್ಮನಿರಲಿ ಅದು,
ಮದುವೆಮನೆಗೆ ಬಂದ ಬೀಗರ ಹಾಗೆ.

ಎಪ್ಪತ್ತೆಂಟರ ಮುದುಕ ನಗುತ್ತಾನೆ.
ಮೂವತ್ತೊಂದು ವರುಷ ಸರೋವರದಂಚಿನ ಮನೆಗಳಿಗೆ
ಸ್ಕೀ ಮೇಲೆ ಅಂಚೆ ಹೊತ್ತ ಕಾಲುಗಳು,
ಒಂದನ್ನು ಬಿಟ್ಟು ಒಂದು ಹೊರಟದ್ದೇ ಇಲ್ಲವಂತೆ.
ಸೈಕಲ್ಲಿನ ಒಂದೇ ಪೆಡಲು ತಿರುಗುತ್ತದೆ ಗಂಟೆಗಟ್ಟಲೆ.
ಕಿಟಕಿಯಾಚೆ ಯುವಾಸ್ಕುಲಾದ ಜನವರಿ,
ಮೂರೂವರೆಗೇ ಇಳಿದ ಕತ್ತಲೆ.

ನಾನು ಗಂಜಿ ತೂಗುವವಳು.
ಡಾಕ್ಟರ್ ಹೆಲ್ಕಾ ರೌತಿಯೋ ಅವರ ಪ್ರಯೋಗಶಾಲೆಯಲ್ಲಿ
ಹತ್ತೊಂಬತ್ತು ಮುದುಕರ ಬಾಯಿಗೆ ಹೋಗುವುದೆಲ್ಲ
ನನ್ನ ತಕ್ಕಡಿ ದಾಟಿಯೇ ಹೋಗಬೇಕು:
ಓಟ್ಸ್ ಗಂಜಿ, ಕರಿ ರೈ ರೊಟ್ಟಿ, ಹುಳಿಹಾಲು, ಬೇಯಿಸಿದ ಆಲೂಗಡ್ಡೆ,
ಅರ್ಧ ಗ್ರಾಂ ಬೆಣ್ಣೆಗೂ ಲೆಕ್ಕ.
ಬಟ್ಟಲು ಬಳಿದು ತಿನ್ನಿ ಅಂದಾಗ
ಔಲಿಸ್ ಚಮಚ ನಿಲ್ಲಿಸಿ ನನ್ನನ್ನೇ ನೋಡಿದ:
ಹೀಗಂದವಳು ನನ್ನ ಅಮ್ಮ,
ರೇಷನ್ನಿನ ಕಾಲದಲ್ಲಿ.

ಹೆಲ್ಕಾ ಸೂಜಿ ಎತ್ತುವ ಮೊದಲು
ತನ್ನ ತೊಡೆಯ ಕಲೆಗಳನ್ನು ತೋರಿಸುತ್ತಾರೆ.
ಏಳು ಚುಕ್ಕೆ, ರಂಗೋಲಿ ಹಾಕಲು ಸಾಲದಷ್ಟು.
ತನ್ನ ಮೇಲೆ ಮಾಡಿಕೊಳ್ಳದ್ದನ್ನು
ಯಾರ ಮೇಲೂ ಮಾಡಿಲ್ಲ ಎನ್ನುತ್ತಾರೆ, ಅಷ್ಟೇ.
ಪೆನ್ಸಿಲ್ ದಪ್ಪದ ಟೊಳ್ಳು ಸೂಜಿ.
ಮರಗಟ್ಟಿಸಿದ ಚರ್ಮದ ಕೆಳಗೆ ಕಟಕ್ಕೆಂದು ಒಂದು ಸದ್ದು,
ಯಾರೋ ಒಳಗಿನಿಂದ ಬಾಗಿಲು ಹಾಕಿಕೊಂಡಂತೆ.
ಹೊರಬಂದದ್ದು ಅಕ್ಕಿಕಾಳಿನಷ್ಟು ಮಾಂಸ.
ಬೀದಿಯಲ್ಲಿ ಸೊನ್ನೆಗಿಂತ ಇಪ್ಪತ್ತಾರು ಕೆಳಗೆ,
ನಮ್ಮ ಪೆಟ್ಟಿಗೆಯೊಳಗೆ ಎಂಬತ್ತು ಕೆಳಗೆ.
ಚಳಿಗೆ ಬಗ್ಗದ ಅಂಚೆಯವ
ಅದರ ಮುಂದೆ ಟೋಪಿ ತೆಗೆದ.

ಬಣ್ಣ ಹಾಕಿ ನೋಡಿದರೆ
ಸಕ್ಕರೆ ತುಂಬಿದ ನಾರು ಬೀಟ್‌ರೂಟು ಕೊಯ್ದ ಹಾಗೆ,
ಬರಿದಾದದ್ದು ಬಿಳಿಚು.
ಆ ಸಂಜೆಯ ಬಲತೊಡೆ
ಎಲ್ಲರೂ ರಾತ್ರಿಪಾಳಿಗೆ ಹೋದ ಅಪಾರ್ಟ್‌ಮೆಂಟು,
ಅಲ್ಲೊಂದು ಇಲ್ಲೊಂದು ದೀಪ.
ನಿಧಾನದ ನಾರುಗಳೇ ಮೊದಲು ಖಾಲಿಯಾಗಿದ್ದವು.
ಮೊದಲು ಏಳುವವೂ ಅವೇ.

ಮೂರು ದಿನ ಉಣಿಸಿದೆವು.
ಮತ್ತೆ ಸೂಜಿ, ಮತ್ತೆ ಬಣ್ಣ.
ಎಡಗಾಲು ಇದ್ದಷ್ಟೇ ಇತ್ತು.
ಬಲಗಾಲು ಮೊದಲಿನ ಅಳತೆ ಮೀರಿ ಒಂದೂವರೆಪಟ್ಟು.
ಒಂದೇ ಗುಂಡಿಗೆ, ಒಂದೇ ರಕ್ತ, ಅದೇ ಗಂಜಿ, ನಾನೇ ತೂಗಿದ್ದು;
ಕಣಜ ತೆರೆದದ್ದು ಮಾತ್ರ ದುಡಿದ ಕಾಲಿಗೆ.
ಕೂತುಣ್ಣುವವನಿಗೆ ಕುಡಿಕೆ ಹೊನ್ನು ಸಾಲದು ಅನ್ನುತ್ತಾರಲ್ಲ,
ಇಲ್ಲಿ ಕೂತದ್ದರ ಕುಡಿಕೆ
ಕರಗಲೂ ಇಲ್ಲ, ಬೆಳೆಯಲೂ ಇಲ್ಲ.
ಹೆಲ್ಕಾ ಏನೂ ಅನ್ನಲಿಲ್ಲ.
ಎರಡು ಸಲ ಎಣಿಸಿದರು. ಕಾಫಿ ಆರಿಹೋಯಿತು.

ಆಮೇಲೆ ಎರಡನೆಯ ದಿನದ ರಕ್ತ.
ಅದರಲ್ಲಿ ನನ್ನ ತಕ್ಕಡಿಗೆ ಗೊತ್ತಿಲ್ಲದ ಸಕ್ಕರೆ.

ಔಲಿಸ್ ಕೈಗವಸು ಮಡಿಸಿದ, ಬಿಚ್ಚಿದ, ಮಡಿಸಿದ.
ತಂಗಿ ಮಾರ್ಕೆತ್ತಾಳ ಹುಟ್ಟುಹಬ್ಬ. ಏಲಕ್ಕಿ ಬನ್ನು.
ಒಂದಾ?
ಎರಡು.
ಸ್ವಲ್ಪ ಹೊತ್ತು ಬಿಟ್ಟು: ಅವಳಿಗೆ ಎಂಬತ್ತೊಂದು.
ಮುಂದಿನ ವರುಷ ಯಾರು ಸುಡುತ್ತಾರೋ.

ಹೆಲ್ಕಾ ಪೆನ್ನು ತೆಗೆದರು.
ಹನ್ನೊಂದನೆಯವನ ಸಾಲಿನ ಮೇಲೆ ಕೆಂಪು ಗೆರೆ,
ಸ್ಕೇಲು ಹಿಡಿದೇ ಎಳೆದದ್ದು.
ಇಡೀ ಚಳಿಗಾಲದಲ್ಲಿ ಅಷ್ಟು ತುಂಬಿದ ತೊಡೆ
ನಾವು ಮತ್ತೊಂದು ಕಂಡಿರಲಿಲ್ಲ.
ಎರಡೂ ಕಾಲು ಹೊರಗಾ? ಔಲಿಸ್ ಕೇಳಿದ.
ಎಡಗಾಲೇನು ಬನ್ನು ತಿಂದಿತ್ತಾ?
ಹೆಲ್ಕಾ ನಕ್ಕರು. ಗೆರೆ ಅಳಿಸಲಿಲ್ಲ.

ಪಟ್ಟಿ ಬದಲಿಸಿ ಕಳಿಸಿಕೊಟ್ಟೆ.
ಕೆಳಗೆ ಮಂಜಿನ ದಾರಿಯಲ್ಲಿ ಅವನ ಜಾರುಬಂಡಿ,
ಒಂದು ಕಾಲಲ್ಲಿ ನಿಂತು ಇನ್ನೊಂದರಿಂದ ಒದ್ದು ನಡೆಸುವಂಥದು.
ಸೂಜಿ ತಿಂದ ಬಲಗಾಲು ಹಲಗೆಯ ಮೇಲೆ ನಿಂತಿತ್ತು, ಅಲ್ಲಾಡದೆ.
ಎಡಗಾಲು ಒದೆಯುತ್ತಿತ್ತು,
ಒದೆಯುತ್ತಿತ್ತು, ದೀಪದಿಂದ ದೀಪಕ್ಕೆ,
ಚರ್ಚಿನ ತಿರುವಿನ ತನಕ.

ರೂಢಿಯಂತೆ ಗಡಿಯಾರ ನೋಡಿ
ಹೊತ್ತು ಬರೆದುಕೊಂಡೆ: ಮೂರು ಐವತ್ತೆರಡು.
ಯಾವ ಸಾಲಿಗೆ ಸೇರಿಸಲಿ ಎಂದು
ಕೇಳಲು ತಿರುಗಿದರೆ
ಹೆಲ್ಕಾ ಕೂಡ ಕಿಟಕಿಯಲ್ಲಿ.